ಸೋರುವ ಜಾಗವನ್ನು ಹುಡುಕೋಣ



ಹಳೆಯ ಒಡಂಬಡಿಕೆಯಲ್ಲಿ ಹಗ್ಗಾಯ ಎಂಬ ಪ್ರವಾದಿ ಇದ್ದಾನೆ. ಅವನ ಗ್ರಂಥ ಕೇವಲ ಎರಡು ಅಧ್ಯಾಯಗಳದ್ದು. ಆದರೆ ಅದರಲ್ಲಿರುವ ಒಂದು ಚಿತ್ರ ಮರೆಯುವಂಥದ್ದಲ್ಲ. ಬೆವರು ಸುರಿಸಿ ದುಡಿದವನೊಬ್ಬ ತನ್ನ ಕೂಲಿಯನ್ನು ತೂತುಬಿದ್ದ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮನೆ ತಲಪುವ ಹೊತ್ತಿಗೆ ಅದರಲ್ಲಿ ಏನು ಉಳಿದೀತು? ಪ್ರವಾದಿ ಯೆರೆಮೀಯನೂ ಇಂಥದೇ ಮಾತು ಹೇಳುತ್ತಾನೆ. ಜನರು ಜೀವಜಲದ ಬುಗ್ಗೆಯನ್ನು ಬಿಟ್ಟು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡರು ಎಂದು ದೇವರು ನೊಂದುಕೊಳ್ಳುತ್ತಾರೆ.

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಇಂಥ ತೂತು ಚೀಲಕ್ಕೆ ಹಣ ಹಾಕುತ್ತೇವೆ. ಕಾರಿನ ಎ.ಸಿ. ತಣ್ಣಗಾಗುವುದಿಲ್ಲ. ಗ್ಯಾರೇಜಿಗೆ ಹೋಗಿ ಗ್ಯಾಸ್ ತುಂಬಿಸುತ್ತೇವೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. 'ಧರ್ಮದ ಪುಟದಲ್ಲಿ ಇದೇನು ಎ.ಸಿ. ರಿಪೇರಿಯ ಮಾತು?' ಎಂದು ನೀವು ಕೇಳಬಹುದು. ಪ್ರಭು ಯೇಸು ತಮ್ಮ ಕೇಳುಗರಿಗೆ ಪರಲೋಕದ ಗುಟ್ಟನ್ನು ಹೇಳಿದ್ದು ಹುಳಿಹಿಟ್ಟು, ಬಲೆ, ದೀಪ, ನಾಣ್ಯ ಮೊದಲಾದ ಮನೆಬಳಕೆಯ ವಸ್ತುಗಳ ಮೂಲಕ. ಇಂದು ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಕೆಲವರಿಗೆ ಅದೇ ಅನ್ನ ಕೊಡುವ ವಸ್ತು. ಅದರಿಂದಲೂ ನಾವು ಪಾಠ ಕಲಿಯಬಹುದು.

ಪೆಟ್ರೋಲಿನಂತೆ ಮುಗಿಯುವುದಿಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಬಿಸಿಯನ್ನು ಹೊರಗಾಳಿಗೆ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿರುವ ತೇವವನ್ನು ಹೀರುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರವನ್ನು ದಾಟಿದಾಗ ಒತ್ತಡ ತಟ್ಟನೆ ಇಳಿಯುತ್ತದೆ. ಆಗ ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಆ ದ್ರವ ಕುದಿದು ಆವಿಯಾಗುತ್ತ, ಒಳಗಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಮತ್ತೆ ಕಂಪ್ರೆಸರಿಗೆ ಹಿಂದಿರುಗುತ್ತದೆ. ಸಣ್ಣ ಕಾರಿನಲ್ಲಿ ಹೀಗೆ ಸುತ್ತುವ ಗ್ಯಾಸ್ ಸುಮಾರು ಅರ್ಧ ಕಿಲೋ ಮಾತ್ರ.

ರಬ್ಬರ್ ಕೊಳವೆಗಳ ಮೂಲಕ ವರ್ಷಕ್ಕೆ ಅತಿ ಸ್ವಲ್ಪ ಗ್ಯಾಸ್ ತಾನಾಗಿ ಹೊರಹೋಗುವುದುಂಟು. ಹಲವು ವರ್ಷಗಳಿಗೊಮ್ಮೆ ತುಂಬಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕರಾವಳಿಯ ಒಬ್ಬ ಬಾಡಿಗೆ ಕಾರಿನ ಚಾಲಕನನ್ನು ಕಲ್ಪಿಸಿಕೊಳ್ಳಿ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ದುಡಿಮೆಯೇ ಜೀವನ. ಮೆಕ್ಯಾನಿಕ್ ಹೇಳುತ್ತಾನೆ: "ಅಣ್ಣಾ, ಎಲ್ಲೋ ಲೀಕ್ ಉಂಟು. ಗಾಡಿ ಒಂದು ದಿನ ಬಿಟ್ಟು ಹೋಗಿ, ನೋಡುವ." ಇವನ ಉತ್ತರ: "ಈಗ ಪುರುಸೊತ್ತಿಲ್ಲ ಮಾರಾಯ. ಗ್ಯಾಸ್ ಹಾಕಿಬಿಡು. ನಾಳೆ ವೇಳಾಂಕಣಿಗೆ ಬಾಡಿಗೆ ಉಂಟು." ಮೊದಲ ವರ್ಷ ತುಂಬಿಸಿದ ಗ್ಯಾಸ್ ಹನ್ನೊಂದು ತಿಂಗಳು ಬಂತು. ಎರಡನೆಯ ವರ್ಷ ಐದು ತಿಂಗಳು. ಮೂರನೆಯ ವರ್ಷ ಮೂರು ವಾರ. ಕೊನೆಗೆ ಒಂದು ಮೇ ತಿಂಗಳ ಮಧ್ಯಾಹ್ನ, ಹಿಂದಿನ ಸೀಟಿನಲ್ಲಿ ಎಳೆಯ ಮಗು ಮತ್ತು ವಯಸ್ಸಾದ ಅಜ್ಜಿ ಕುಳಿತಿರುವಾಗ, ಕಂಪ್ರೆಸರ್ ಕಿರುಚಿ ಜಾಮ್ ಆಯಿತು.

ಏಕೆ ಹೀಗಾಯಿತು? ಕಂಪ್ರೆಸರಿಗೆ ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಗ್ಯಾಸಿನ ಜೊತೆಯಲ್ಲಿ ಸುತ್ತುವ ಎಣ್ಣೆಯೇ ಅದಕ್ಕೆ ಜೀವ. ಗ್ಯಾಸ್ ಸೋರುವಾಗ ಸ್ವಲ್ಪ ಎಣ್ಣೆಯೂ ಹೊರಹೋಗುತ್ತದೆ. ಉಳಿದ ಗ್ಯಾಸ್ ಕಡಿಮೆಯಾದಾಗ ಉಳಿದ ಎಣ್ಣೆಯೂ ಸರಿಯಾಗಿ ಹಿಂದಿರುಗುವುದಿಲ್ಲ. ಆ ಚಾಲಕ ಪ್ರತಿ ಸಲ ತುಂಬಿಸಿದ್ದು ಗ್ಯಾಸನ್ನು ಮಾತ್ರ. ಕೆಲವೇ ರೂಪಾಯಿ ಬೆಲೆಯ ಒಂದು ರಬ್ಬರ್ ಉಂಗುರವನ್ನು ಬದಲಿಸದೆ ಹೋದುದರಿಂದ ಸಾವಿರಾರು ರೂಪಾಯಿಯ ಕಂಪ್ರೆಸರ್ ಹೋಯಿತು. ಮೇ ತಿಂಗಳ ಬಾಡಿಗೆಯೂ ಹೋಯಿತು. ಶಾಲೆ ಆರಂಭವಾಗುವ ಜೂನ್ ತಿಂಗಳಿಗೆಂದು ಅವನ ಹೆಂಡತಿ ಕೂಡಿಟ್ಟಿದ್ದ ಹಣವೂ ಅದರ ಹಿಂದೆಯೇ ಹೋಯಿತು.

ನಮ್ಮ ಮನೆಗಳಲ್ಲೂ ಹೀಗಾಗುತ್ತದೆ. ಪ್ರೀತಿ ಬಳಸಿದಷ್ಟೂ ಮುಗಿದುಹೋಗುವ ವಸ್ತುವಲ್ಲ. ಅದು ಗಂಡನಿಂದ ಹೆಂಡತಿಗೆ, ತಂದೆತಾಯಿಯರಿಂದ ಮಕ್ಕಳಿಗೆ, ಮಕ್ಕಳಿಂದ ಹಿರಿಯರಿಗೆ ಸುತ್ತುತ್ತಿರಬೇಕು. ಮನೆಯಲ್ಲಿ ತಂಪು ಕಡಿಮೆಯಾಗಿದ್ದರೆ, 'ಮದುವೆಯಾಗಿ ಇಷ್ಟು ವರ್ಷವಾಯಿತಲ್ಲ, ಇನ್ನೇನು' ಎಂದು ಸುಮ್ಮನಿರಬೇಡಿ. ಅದು ಮುಗಿದಿಲ್ಲ, ಎಲ್ಲೋ ಸೋರುತ್ತಿದೆ. ವರ್ಷಕ್ಕೊಮ್ಮೆ ಧ್ಯಾನಕೂಟಕ್ಕೆ ಹೋಗಿ ತುಂಬಿಸಿಕೊಂಡು ಬಂದು, ಹಳೆಯ ಸೋರಿಕೆಯನ್ನು ಹಾಗೆಯೇ ಬಿಟ್ಟರೆ ಅದು ಎಷ್ಟು ದಿನ ಬಂದೀತು?

ನಿಂತ ಕಾರಿನ ಗೇಜು

ಆದರೆ ಆತುರ ಬೇಡ. ತಂಪು ಇಲ್ಲದ್ದಕ್ಕೆಲ್ಲ ಸೋರಿಕೆಯೇ ಕಾರಣವಲ್ಲ. ಒಳಗಿನ ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು. ಕಂಡೆನ್ಸರಿನ ಫ್ಯಾನ್ ತಿರುಗದೆ ಇರಬಹುದು. ಬೆಲ್ಟ್ ಸಡಿಲವಾಗಿರಬಹುದು, ಕ್ಲಚ್ಚಿನ ರಿಲೇ ಕೆಟ್ಟಿರಬಹುದು. ಅದನ್ನೆಲ್ಲ ನೋಡದೆ ಗ್ಯಾಸ್ ತುಂಬಿಸುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ. ಒಬ್ಬರ ಮೌನವನ್ನು ಕಂಡ ಕೂಡಲೇ 'ಇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ' ಎಂದು ತೀರ್ಪು ಕೊಡುವವರೂ ಇದನ್ನು ನೆನಪಿಡಬೇಕು. ಅವರು ಬರೀ ದಣಿದಿರಬಹುದು.

ಅನಂತರ ಗೇಜು ಹಾಕಿ ನೋಡುತ್ತಾರೆ. ಇಲ್ಲಿ ಒಂದು ಮೋಸವಿದೆ, ಅದನ್ನು ಅರಿತವನೇ ಒಳ್ಳೆಯ ಮೆಕ್ಯಾನಿಕ್. ಎಂಜಿನ್ ನಿಲ್ಲಿಸಿ, ಎಲ್ಲವೂ ತಣಿದ ಮೇಲೆ, 30 ಡಿಗ್ರಿ ಸೆಲ್ಸಿಯಸ್ ಇರುವ ದಿನ ಆರ್-134ಎ ಗ್ಯಾಸಿನ ಒತ್ತಡವನ್ನು ಅಳೆದರೆ ಗೇಜು ಸುಮಾರು 97 ಪಿ.ಎಸ್.ಐ. ತೋರಿಸುತ್ತದೆ. ಪೂರ್ತಿ ಗ್ಯಾಸ್ ಇದ್ದರೂ ಅಷ್ಟೇ, ಅರ್ಧ ಸೋರಿಹೋಗಿದ್ದರೂ ಅಷ್ಟೇ. ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಪ್ರಮಾಣವಲ್ಲ. ನಿಂತ ಕಾರಿನ ಗೇಜನ್ನು ನೋಡಿ 'ಗ್ಯಾಸ್ ಸರಿಯಿದೆ' ಎನ್ನುವಂತಿಲ್ಲ. ಎಂಜಿನ್ ಓಡಿಸಿ, ಎ.ಸಿ. ಹಾಕಿ, ಭಾರ ಬಿದ್ದಾಗ ನೋಡಬೇಕು. ಗ್ಯಾಸ್ ಕಡಿಮೆಯಿದ್ದರೆ ಆಗ ಎರಡೂ ಗೇಜುಗಳು ತಗ್ಗುತ್ತವೆ. ಅನೇಕ ಕಾರುಗಳಲ್ಲಿ ಕಂಪ್ರೆಸರ್ ಕ್ಷಣಕ್ಷಣಕ್ಕೂ ನಿಂತು ಮತ್ತೆ ಹಿಡಿಯುತ್ತದೆ.

ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಮುಂದೆ ನಿಂತು ಮಾತಾಡುವಾಗ ನಮ್ಮೆಲ್ಲರ ಗೇಜೂ ಸರಿಯಾಗಿಯೇ ಇರುತ್ತದೆ. ಮುಖದಲ್ಲಿ ನಗು, ಬಾಯಲ್ಲಿ ಒಳ್ಳೆಯ ಮಾತು. ಒಳಗೆ ಎಷ್ಟು ಉಳಿದಿದೆ ಎಂಬುದು ತಿಳಿಯುವುದು ಸೋಮವಾರ ಬೆಳಿಗ್ಗೆ, ಮಗುವಿನ ಸಮವಸ್ತ್ರ ಸಿಕ್ಕದೆ, ಗ್ಯಾಸ್ ಸಿಲಿಂಡರ್ ಮುಗಿದು, ಕಚೇರಿಗೆ ಹೊತ್ತಾದಾಗ! ಆತ್ಮಶೋಧನೆ ಮಾಡುವಾಗ ಭಾನುವಾರದ ನಮ್ಮನ್ನಲ್ಲ, ಸೋಮವಾರದ ನಮ್ಮನ್ನು ಅಳೆದುಕೊಳ್ಳೋಣ.

ದೀಪ ಹಚ್ಚಿ ಹುಡುಕಿದ ಹೆಂಗಸು

ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಅವಳು ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಜಾಗರೂಕತೆಯಿಂದ ಹುಡುಕುತ್ತಾಳೆ. ಸೋರಿಕೆಯನ್ನು ಪತ್ತೆಹಚ್ಚುವವರ ಕೆಲಸವೂ ಹೀಗೆಯೇ.

ಮೊದಲ ಸಾಧನ ಕಣ್ಣು. ಗ್ಯಾಸಿನ ಜೊತೆ ಎಣ್ಣೆ ಹೊರಬರುವುದರಿಂದ, ಸೋರುವ ಜೋಡಣೆಯ ಸುತ್ತ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಎರಡನೆಯದು ಸಾಬೂನಿನ ನೀರು. ಅನುಮಾನವಿರುವ ಜಾಗಕ್ಕೆ ಹಚ್ಚಿದರೆ ದೊಡ್ಡ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಮೂರನೆಯದು ಎಲೆಕ್ಟ್ರಾನಿಕ್ ಉಪಕರಣ. ಇದು ಗ್ಯಾಸನ್ನು ಮೂಸಿ ಸದ್ದು ಮಾಡುತ್ತದೆ. ಗ್ಯಾಸ್ ಗಾಳಿಗಿಂತ ಭಾರವಾದುದರಿಂದ, ಪ್ರತಿ ಜೋಡಣೆಯ ಕೆಳಭಾಗದಲ್ಲಿ ಅದನ್ನು ನಿಧಾನವಾಗಿ ಆಡಿಸಬೇಕು. ಎಂಜಿನ್ ನಿಂತಿರಬೇಕು, ಗಾಳಿ ಬೀಸುತ್ತಿರಬಾರದು. ನಾಲ್ಕನೆಯದು ಬಣ್ಣ. ಒಳಗೆ ಸ್ವಲ್ಪ ಡೈ ಸೇರಿಸಿ ಕೆಲವು ದಿನ ಕಾರು ಓಡಿಸುತ್ತಾರೆ. ಬಳಿಕ ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ, ಸೋರಿದ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ. ಐದನೆಯದು, ಗ್ಯಾಸನ್ನು ಪೂರ್ತಿ ತೆಗೆದು ಒಣ ನೈಟ್ರೋಜನ್ ತುಂಬಿಸಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ನೈಟ್ರೋಜನ್ ಇಲ್ಲವೆಂದು ಟೈರಿಗೆ ಹೊಡೆಯುವ ಗಾಳಿಯನ್ನು ತುಂಬಿಸಬಾರದು. ಅದು ಒಳಗೆ ತೇವ ತರುತ್ತದೆ. ಮೇಲಾಗಿ ಒತ್ತಡದಲ್ಲಿ ಗಾಳಿಯೊಡನೆ ಬೆರೆತ ಗ್ಯಾಸ್ ಹೊತ್ತಿಕೊಳ್ಳುವ ಅಪಾಯವೂ ಇದೆ.

ಎಲ್ಲಿ ಹುಡುಕಬೇಕು? ಜೋಡಣೆಗಳಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಉಂಗುರಗಳಲ್ಲಿ, ಗ್ಯಾಸ್ ತುಂಬಿಸುವ ಪಿನ್ ವಾಲ್ವಿನಲ್ಲಿ, ಕಂಪ್ರೆಸರಿನ ಶಾಫ್ಟ್ ಸೀಲಿನಲ್ಲಿ, ಕೊಳವೆಯನ್ನು ಲೋಹಕ್ಕೆ ಅಮುಕಿದ ಕಡೆಗಳಲ್ಲಿ. ಕಂಡೆನ್ಸರ್ ಮುಂಭಾಗದಲ್ಲಿರುವುದರಿಂದ ರಸ್ತೆಯ ಕಲ್ಲು ಅದಕ್ಕೇ ಬಡಿಯುತ್ತದೆ. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಅದರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ತೊಟ್ಟಿಕ್ಕುವ ಕೊಳವೆಯ ಬಾಯಲ್ಲಿ ಉಪಕರಣ ಹಿಡಿದು ಮೂಸಿ ನೋಡಬೇಕು.

ನಮ್ಮಲ್ಲೂ ಹೊರಗೆ ಕಾಣುವ ಸೋರಿಕೆಗಳಿವೆ: ಸಿಡುಕು, ಕುಡಿತ, ಸುಳ್ಳು. ಅವನ್ನು ನೆರೆಮನೆಯವರೂ ಬಲ್ಲರು. ಆದರೆ ಡ್ಯಾಶ್‌ಬೋರ್ಡಿನ ಹಿಂದಿರುವಂಥ ಸೋರಿಕೆಗಳೂ ಇವೆ. ಆಸ್ತಿಯ ಪಾಲಿನಲ್ಲಿ ಅಣ್ಣ ಮಾಡಿದ ಅನ್ಯಾಯವನ್ನು ಕ್ಷಮಿಸದೆ ಹೋದ ಇಪ್ಪತ್ತು ವರ್ಷಗಳು. ಅತ್ತೆ ಒಮ್ಮೆ ಆಡಿದ ಮಾತು. ತಂದೆ ಎಂದೂ ಆಡದೆ ಹೋದ ಮಾತು. ಇವುಗಳನ್ನು ಹುಡುಕಲು ನಮ್ಮ ಕಣ್ಣು ಸಾಲದು, ದೀಪ ಬೇಕು. ಪಾಪನಿವೇದನೆಗೆ ಮುನ್ನ ಪವಿತ್ರಾತ್ಮರ ಬೆಳಕನ್ನು ಬೇಡಿಕೊಳ್ಳಿ ಎಂದು ಗುರುಗಳು ಹೇಳುವುದು ಇದಕ್ಕಾಗಿಯೇ.

ರಿಪೇರಿ ಎಂದರೇನು?

ಸೋರುವ ಜಾಗ ಸಿಕ್ಕಿತು. ಈಗ ಅಡ್ಡದಾರಿಯೊಂದು ಆಸೆ ತೋರಿಸುತ್ತದೆ. ಸೋರಿಕೆಯನ್ನು ಒಳಗಿನಿಂದಲೇ ಮುಚ್ಚುತ್ತದೆ ಎಂಬ ದ್ರಾವಣವೊಂದು ಡಬ್ಬಿಯಲ್ಲಿ ದೊರೆಯುತ್ತದೆ. ಅದು ತೂತನ್ನು ಮುಚ್ಚಬಹುದು. ಅದರ ಜೊತೆಗೆ ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರವನ್ನೂ, ಗ್ಯಾಸ್ ತೆಗೆಯುವ ಯಂತ್ರವನ್ನೂ ಕಟ್ಟಿಬಿಡಬಹುದು.

ಸರಿಯಾದ ದಾರಿ ಉದ್ದವಾದದ್ದು. ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಸಿಲಿಂಡರಿಗೆ ತೆಗೆದುಕೊಳ್ಳಬೇಕು. ಕೆಟ್ಟ ಭಾಗವನ್ನು ಬದಲಿಸಬೇಕು. ಹೊಸ ಓ-ರಿಂಗ್ ಆ ಗ್ಯಾಸಿಗೆ ಹೊಂದುವಂಥದ್ದಾಗಿರಬೇಕು. ಅದಕ್ಕೆ ತಕ್ಕ ಎಣ್ಣೆ ಸವರಿ ಕೂರಿಸಬೇಕು. ವ್ಯವಸ್ಥೆ ತೆರೆದಿದ್ದರೆ ಡ್ರೈಯರನ್ನೂ ಬದಲಿಸಬೇಕು, ಏಕೆಂದರೆ ಅದು ಹೊರಗಾಳಿಯ ತೇವವನ್ನು ಕುಡಿದಿರುತ್ತದೆ. ಕಳೆದುಹೋದ ಎಣ್ಣೆಯನ್ನು ಅಳೆದು ಸೇರಿಸಬೇಕು. ಅನಂತರ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಬೇಕು. ಆ ನಿರ್ವಾತದಲ್ಲಿ ಒಳಗಿನ ತೇವ ನಮ್ಮ ಕೋಣೆಯ ಉಷ್ಣತೆಯಲ್ಲೇ ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಎಣ್ಣೆ ಕೆಡುತ್ತದೆ, ಲೋಹ ಸವೆಯುತ್ತದೆ. ಪಂಪು ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲೇ ನಿಂತರೆ ಒಳ್ಳೆಯ ಸೂಚನೆ. ಕೊನೆಗೆ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿರುವಷ್ಟೇ ಗ್ಯಾಸನ್ನು ತೂಗಿ ತುಂಬಿಸಬೇಕು. ಹೆಚ್ಚು ತುಂಬಿಸಿದರೆ ಹೆಚ್ಚು ತಂಪು ಎಂಬುದು ತಪ್ಪು. ಅತಿಯಾದರೆ ಒತ್ತಡ ಏರಿ ತಂಪು ಇಳಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ಇದು ಅಂಗಳದಲ್ಲಿ ಕುಳಿತು ಮಾಡುವ ಕೆಲಸವಲ್ಲ. ಆರ್-134ಎ ಹೊರಗಾಳಿಯಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕೈಗೋ ಕಣ್ಣಿಗೋ ಸಿಡಿದರೆ ಹೆಪ್ಪುಗಟ್ಟಿಸಿ ಗಾಯ ಮಾಡುತ್ತದೆ. ಬೆಂಕಿಗೆ ತಾಗಿದರೆ ವಿಷವಾಯು ಹುಟ್ಟುತ್ತದೆ. ಪಳಗಿದ ಕೈಗೆ ಒಪ್ಪಿಸಿ. ಆದರೆ ಕೆಲಸದ ಕ್ರಮ ನಿಮಗೆ ತಿಳಿದಿರಲಿ, ಆಗ ಸರಿಯಾದ ಪ್ರಶ್ನೆ ಕೇಳಬಹುದು: 'ಎಲ್ಲಿ ಸೋರುತ್ತಿತ್ತು? ಏನು ಬದಲಿಸಿದಿರಿ? ಎಷ್ಟು ಹೊತ್ತು ವ್ಯಾಕ್ಯೂಮ್ ಮಾಡಿದಿರಿ? ಎಷ್ಟು ಗ್ರಾಂ ತುಂಬಿಸಿದಿರಿ?'

ಈ ಕ್ರಮವನ್ನು ಇನ್ನೊಮ್ಮೆ ನೋಡಿ. ಹುಡುಕುವುದು, ಒಪ್ಪಿಕೊಳ್ಳುವುದು, ಕೆಟ್ಟದ್ದನ್ನು ಕಿತ್ತು ಹಾಕುವುದು, ಒಳಗನ್ನು ಬರಿದು ಮಾಡುವುದು, ಆಮೇಲೆ ತುಂಬಿಸುವುದು. ತುಂಬಿಸುವುದು ಕೊನೆಯ ಹೆಜ್ಜೆ. ನಾವು ಅದನ್ನೇ ಮೊದಲನೆಯದಾಗಿ ಮಾಡಲು ಹೋಗುತ್ತೇವೆ. ಹೆಂಡತಿಗೆ ನೋವಾಗುವಂತೆ ಮಾತಾಡಿ, ಕ್ಷಮೆ ಕೇಳದೆ, ಸಂಜೆ ಸೀರೆಯೊಂದನ್ನು ತಂದುಕೊಡುತ್ತೇವೆ.

ಮಾರುವ ಮುನ್ನ ತುಂಬಿಸಿದ ಗ್ಯಾಸ್

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಸೋರುವ ಎ.ಸಿ.ಗೆ ಗ್ಯಾಸ್ ತುಂಬಿಸಿ, ಅದು ತಣ್ಣಗಿರುವ ಎರಡು ವಾರದೊಳಗೆ ಕಾರನ್ನು ಮಾರಿಬಿಡುವವರಿದ್ದಾರೆ. ಕೊಂಡವನು ತಿಂಗಳು ಕಳೆದು ಕೇಳಲು ಬಂದರೆ 'ನಾನು ಕೊಡುವಾಗ ಸರಿಯಿತ್ತಲ್ಲ' ಎನ್ನುತ್ತಾರೆ. ಆ ಮಾತು ಸುಳ್ಳಲ್ಲ, ಆದರೂ ಅದು ಮೋಸ. ಸೋರಿಕೆಯನ್ನು ಕಂಡೂ ಹೇಳದೆ, 'ಮುಂದಿನ ವರ್ಷವೂ ಬರುತ್ತಾನೆ' ಎಂದು ಗ್ಯಾಸ್ ಮಾತ್ರ ತುಂಬಿಸುವ ಮೆಕ್ಯಾನಿಕ್ಕಿನದೂ ಮೋಸವೇ. ಕದಿಯಬೇಡ ಎಂಬ ಆಜ್ಞೆ ಜೇಬಿಗೆ ಕೈಹಾಕುವವರಿಗೆ ಮಾತ್ರವಲ್ಲ. ಜಕ್ಕಾಯನು ಪ್ರಭುವನ್ನು ಮನೆಗೆ ಬರಮಾಡಿಕೊಂಡ ದಿನ, ಮೋಸದಿಂದ ಪಡೆದುದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದನು. ನಾವು ನಾಲ್ಕು ಪಟ್ಟು ಕೊಡದಿದ್ದರೂ, ಕೊಳ್ಳುವವನಿಗೆ ನಿಜವನ್ನಾದರೂ ಹೇಳೋಣ: 'ಎ.ಸಿ. ಸೋರುತ್ತದೆ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿಕೊಳ್ಳಿ.' ಹೀಗೆ ಹೇಳಿದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೊರಗೆ ಹೋದದ್ದು ಎಲ್ಲಿಗೆ ಹೋಯಿತು?

ಸೋರಿದ ಗ್ಯಾಸ್ ಕಣ್ಣಿಗೆ ಕಾಣದೆ ಹೋಯಿತು. ಆದರೆ ಇಲ್ಲವಾಗಲಿಲ್ಲ. 1990ರ ದಶಕದ ನಡುವಿನ ತನಕ ಕಾರುಗಳಲ್ಲಿ ಬಳಸುತ್ತಿದ್ದುದು ಆರ್-12. ಇಂಥ ಅನಿಲಗಳು ಮೇಲೇರಿ ಓಝೋನ್ ಪದರವನ್ನು ಹಾಳುಮಾಡುತ್ತವೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ತೀರ ತೆಳುವಾಗಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ಆರ್-12ರ ಬದಲಿಗೆ ಬಂದ ಆರ್-134ಎ ಓಝೋನನ್ನು ಕೆಡಿಸುವುದಿಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ, ಅದೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. 450 ಗ್ರಾಂ ಸೋರಿಹೋದರೆ, 250 ಲೀಟರಿಗೂ ಹೆಚ್ಚು ಪೆಟ್ರೋಲ್ ಉರಿಸಿದಷ್ಟು ಹಾನಿ. ಇಂಥ ಅನಿಲಗಳನ್ನೂ ಕ್ರಮೇಣ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. 2021ರಲ್ಲಿ ಭಾರತ ಅದನ್ನು ಅನುಮೋದಿಸಿತು.

ನನ್ನ ಕಾರು ತಣ್ಣಗಿರಲೆಂದು ನಾನು ಮತ್ತೆ ಮತ್ತೆ ತುಂಬಿಸಿದ ಗ್ಯಾಸು, ಬಿಸಿಲಲ್ಲಿ ನಡೆದುಹೋಗುವವನ ಬಿಸಿಲನ್ನು ಇನ್ನಷ್ಟು ಏರಿಸುತ್ತದೆ. ಅವನಿಗೆ ಕಾರೂ ಇಲ್ಲ, ಎ.ಸಿ.ಯೂ ಇಲ್ಲ. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಹೆಚ್ಚುತ್ತಿರುವ ಎ.ಸಿ. ಬಳಕೆಯನ್ನು ಪ್ರಕೃತಿಗೆ ಹಾನಿ ತರುವ ಅಭ್ಯಾಸಗಳಿಗೆ ಉದಾಹರಣೆಯಾಗಿ ಹೆಸರಿಸಿದ್ದಾರೆ. ಅದೇ ಪತ್ರದಲ್ಲಿ, ಓಝೋನ್ ಪದರದ ಸಮಸ್ಯೆ ಪರಿಹಾರದ ಹಾದಿ ಹಿಡಿದಿರುವುದನ್ನು ಸಂತೋಷದಿಂದ ಸ್ಮರಿಸಿದ್ದಾರೆ.

ನಿಜವಾಗಿಯೂ ಅದು ಸಂತೋಷದ ಸುದ್ದಿಯೇ. ಈಗಿನ ನಿಯಮಗಳನ್ನು ಪಾಲಿಸುತ್ತ ಹೋದರೆ, ಓಝೋನ್ ಪದರವು ಜಗತ್ತಿನ ಹೆಚ್ಚಿನ ಕಡೆ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುವುದೆಂದು ವಿಶ್ವಸಂಸ್ಥೆಯ ತಜ್ಞರು 2023ರ ಆರಂಭದಲ್ಲಿ ತಿಳಿಸಿದರು. ಯಾರೂ ಆಕಾಶಕ್ಕೆ ಏರಿ ಅಲ್ಲಿ ಓಝೋನ್ ತುಂಬಿಸಲಿಲ್ಲ. ಕೆಳಗೆ ಹಾನಿಯ ಮೂಲವನ್ನು ನಿಲ್ಲಿಸಿದರು, ಅಷ್ಟೇ. ವಾಸಿ ಮಾಡುವ ಕೆಲಸವನ್ನು ದೇವರು ತಮ್ಮ ಸೃಷ್ಟಿಯೊಳಗೇ ಇಟ್ಟಿದ್ದರು.

ಈ ವಾರ

ನಿಮ್ಮ ಕಾರಿನ ಎ.ಸಿ. ತಂಪು ಕಡಿಮೆಯಾಗಿದ್ದರೆ, ಗ್ಯಾಸ್ ತುಂಬಿಸುವ ಮುನ್ನ ಸೋರಿಕೆ ನೋಡಿಸಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿ, ಎಣ್ಣೆ ಸುತ್ತುತ್ತಿದ್ದರೆ ಸೀಲುಗಳು ಒಣಗುವುದಿಲ್ಲ. ಒಂದು ರಾತ್ರಿ ಊಟದ ಬಳಿಕ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಮನೆಮಂದಿ ಐದು ನಿಮಿಷ ಹಾಗೆಯೇ ಕುಳಿತುಕೊಳ್ಳಿ. 'ನಮ್ಮ ಮನೆಯಲ್ಲಿ ಎಲ್ಲಿ ಸೋರುತ್ತಿದೆ?' ಎಂದು ಕೇಳಿಕೊಳ್ಳಿ. ಇನ್ನೊಬ್ಬರತ್ತ ಬೆರಳು ತೋರಿಸದೆ, ಪ್ರತಿಯೊಬ್ಬರೂ ತಮ್ಮದೊಂದು ಜಾಗವನ್ನು ಹೇಳಲಿ. ಚಿಕ್ಕ ಮಕ್ಕಳಿಗೂ ಅವಕಾಶ ಕೊಡಿ. ಅವರ ಕಣ್ಣಿಗೆ ಬಿದ್ದಿರುವುದು ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ.

ಪ್ರಾರ್ಥನೆ: ಕರುಣಾಮಯಿಯಾದ ಪ್ರಭುವೇ, ನೀವು ಧಾರಾಳವಾಗಿ ತುಂಬಿಸಿದ್ದನ್ನು ನಾವು ಅರಿಯದೆಯೇ ಚೆಲ್ಲಿಕೊಂಡಿದ್ದೇವೆ. ನಿಮ್ಮ ಬೆಳಕನ್ನು ಹಿಡಿದು ನಮ್ಮೊಳಗೆ ಹುಡುಕಿರಿ. ಸೋರುವ ಜಾಗವನ್ನು ತೋರಿಸಿದಾಗ ಮುಖ ತಿರುಗಿಸದಂತೆ ಧೈರ್ಯ ಕೊಡಿರಿ. ಗ್ಯಾರೇಜಿನ ಬಿಸಿಲಲ್ಲಿ ದುಡಿಯುವ ಕೈಗಳನ್ನೂ, ದೂರದ ದಾರಿಯಲ್ಲಿ ಕಾರು ಓಡಿಸುವವರನ್ನೂ ಕಾಪಾಡಿರಿ. ಆಮೆನ್.